ಭಾನುವಾರಕ್ಕೊಂದು ಅಪ್ಪನ ಮಾತು

ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರ ಮಗಳು ಓದಲು ಪರದೇಶಕ್ಕೆ ಹೊರಟಾಗ ಮಂಡಿಗೆ ಮಂಡಿಯೇ ಅದನ್ನು ಮಾತಾಡಿಕೊಂಡಿತು. ಸುದ್ದಿ ಹಬ್ಬಿಸಿದವರು ಬೇರೆ ಯಾರೂ ಅಲ್ಲ, ಅಪ್ಪನೇ. ಖಾಲಿ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಟೊಮೇಟೊಗೆ ಬೆಲೆ ಕೂಗುತ್ತಿದ್ದವರು ನಡುವೆ ನಿಲ್ಲಿಸಿ, "ನನ್ನ ಮಗಳು ವಿಮಾನ ಹತ್ತುತಾಳೆ, ಇವತ್ತು ಯಾರೂ ಕೈ ಬಿಗಿ ಹಿಡೀಬೇಡ್ರಪ್ಪಾ" ಎಂದು ಸಾರಿಬಿಟ್ಟರು.

ಆ ಗಂಟಲಿಗೆ ಮೈಕು ಬೇಕಿರಲಿಲ್ಲ. ಮಂಡಿಯ ಈ ತುದಿಯಲ್ಲಿ ಈರುಳ್ಳಿಗೆ ಕೂಗಿದರೆ ಆ ತುದಿಯ ಸೊಪ್ಪಿನವರು ತಲೆ ಎತ್ತಿ ನೋಡಬೇಕು. ಮನೆಯಲ್ಲೂ ಅದೇ ಕಥೆ. ಅವರು ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದರೆ ಪಕ್ಕದ ಮನೆಯವರು ಉತ್ತರ ಕೊಡುತ್ತಿದ್ದರು. ಮಗಳನ್ನು ಅವರು ಕರೆಯುತ್ತಿದ್ದದ್ದು ದೊರೆಸಾನಿ ಎಂದು. ಕಸ ಗುಡಿಸು ಅಂದರೆ ಮೂಗು ಮುರಿಯುವ ಹುಡುಗಿಗೆ ಅದಕ್ಕಿಂತ ತಕ್ಕ ಹೆಸರು ಸಿಗುವಂತಿರಲಿಲ್ಲ. ನಾವೂ ಹಾಗೇ ಕರೆದರೆ ತಪ್ಪಿಲ್ಲ.

ಹಣ್ಣು ತರಕಾರಿ ಕೊಯ್ದ ಮೇಲೆ ಕೆಡದಂತೆ ಕಾಪಾಡುವುದು ದೊರೆಸಾನಿಯ ಓದು. ಅವಳ ಕಾಲೇಜಿಗೂ ದೂರದ ಆ ಮಹಾನಗರದ ವಿಶ್ವವಿದ್ಯಾಲಯಕ್ಕೂ ಒಂದು ಒಪ್ಪಂದವಿತ್ತು. ಅಲ್ಲಿಯವರೊಬ್ಬರು ಇಲ್ಲಿಗೆ, ಇಲ್ಲಿಯವರೊಬ್ಬರು ಅಲ್ಲಿಗೆ, ಒಂದು ವರ್ಷದ ಮಟ್ಟಿಗೆ. ಹಾಗೆ ಹೋದವಳಿಗೆ ಸಿಕ್ಕಿದ್ದು ಹಾಸ್ಟೆಲಿನ ಮೇಲಿನ ಮಹಡಿಯಲ್ಲಿ ಎರಡು ಮಂಚ ಹಿಡಿಸುವಷ್ಟೇ ಅಗಲದ ಕೋಣೆ. ಕಿಟಕಿ ತೆರೆದರೆ ಎದುರಿನ ಕಟ್ಟಡದ ಗೋಡೆ, ಅದರ ನೀರಿನ ಕೊಳವೆಗಳು. ಜೊತೆಗಾತಿ ಇನ್ಯಾವುದೋ ದೇಶದ ಕನ್ನಡಕದ ಹುಡುಗಿ. ಒಳ್ಳೆಯವಳು. ಆದರೆ ಕಿವಿಗೆ ಸಿಕ್ಕಿಸಿದ ಇಯರ್‌ಫೋನನ್ನು ಹಲ್ಲುಜ್ಜುವಾಗಲೂ ತೆಗೆಯುತ್ತಿರಲಿಲ್ಲ.

ಅಡುಗೆಮನೆ ಇಡೀ ಮಹಡಿಗೆ ಒಂದೇ. ಫ್ರಿಜ್ಜಿನಲ್ಲಿ ಒಬ್ಬೊಬ್ಬರಿಗೆ ಅರ್ಧ ತಟ್ಟೆಯಷ್ಟು ಜಾಗ, ಅದರ ಮೇಲೆ ಕೋಣೆಯ ನಂಬರಿನ ಚೀಟಿ. ಅಲ್ಲಿ ಎಲ್ಲರೂ ಪಿಸುಗುಟ್ಟುವುದೇ. ಬೆಳಗಿನ ರೈಲಿನಲ್ಲೂ ಅಷ್ಟೇ, ಭುಜಕ್ಕೆ ಭುಜ ತಾಗಿ ನಿಂತವರು ಕಣ್ಣಿಗೆ ಕಣ್ಣು ಕೊಡದೆ ಇಳಿದುಹೋಗುತ್ತಿದ್ದರು. ಪ್ರಯೋಗಾಲಯದ ಶೀತಲ ಕೋಣೆಯಲ್ಲಿ ದಪ್ಪ ಕೋಟು ತೊಟ್ಟು, ತಟ್ಟೆತಟ್ಟೆ ಸೇಬಿಗೆ ಸೂಜಿ ಚುಚ್ಚಿ ಎಷ್ಟು ಮೆತ್ತಗಾಗಿದೆ ಎಂದು ನೋಡುವುದು ಅವಳ ಕೆಲಸ. ಸಂಜೆ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂತಾಗ, ಬೆಳಗಿನಿಂದ ಒಬ್ಬರ ಹತ್ತಿರವೂ ಒಂದು ಮಾತಾಡಿಲ್ಲವಲ್ಲ ಎಂದು ಹೊಳೆಯುತ್ತಿತ್ತು. ಗಂಟಲು ಸರಿಯಿದೆಯೋ ಇಲ್ಲವೋ ಎಂದು ಒಮ್ಮೆ ಕೆಮ್ಮಿ ನೋಡಿಕೊಳ್ಳುತ್ತಿದ್ದಳು.

ಮೊದಮೊದಲು ಅಪ್ಪ ದಿನಾ ಫೋನು ಮಾಡುತ್ತಿದ್ದರು. ಒಂದು ದಿನ ಅವಳು ಅಡುಗೆಮನೆಯಲ್ಲಿ ಪಾತ್ರೆ ಕೈಯಲ್ಲಿ ಹಿಡಿದಿದ್ದಾಗ ಫೋನು ಬಂತು. ಸ್ಪೀಕರು ಹಾಕಿದಳು. "ದೊರೆಸಾನೀ! ಊಟ ಆಯ್ತಾ?" ಎಂದು ಅಪ್ಪ ಕೂಗಿದ್ದಕ್ಕೆ ಮೇಜಿನ ಸುತ್ತ ಕೂತವರೆಲ್ಲ ಬೆಚ್ಚಿದರು. ಒಬ್ಬ ನಕ್ಕ. ದೊರೆಸಾನಿಯ ಮುಖ ಕೆಂಪಾಯಿತು.

"ಅಪ್ಪಾ, ಸ್ವಲ್ಪ ಮೆತ್ತಗೆ ಮಾತಾಡಿ. ಇದೇನು ಮಂಡಿನಾ?" ಅಂದಳು.

 "ಸರಿ ಮಗಳೇ" ಎಂದು ಬಹಳ ಸಣ್ಣ ದನಿಯಲ್ಲಿ ಅಂದು ಅಪ್ಪ ಫೋನಿಟ್ಟರು.

ಅಷ್ಟೇ. ಅಂದಿನಿಂದ ಅಪ್ಪ ಫೋನಿಗೆ ಸಿಗುವುದೇ ನಿಂತುಹೋಯಿತು. ಅಮ್ಮ ಮಾತಾಡುತ್ತಿದ್ದಳು. ಅಪ್ಪ ಎಲ್ಲಿ ಅಂದರೆ ಮಂಡಿಗೆ ಹೋದರು, ಸ್ನಾನಕ್ಕೆ ಹೋದರು, ಈಗಷ್ಟೇ ಕಣ್ಣು ಮುಚ್ಚಿದರು. ಅದರ ಬದಲಿಗೆ ಭಾನುವಾರ ಬೆಳಿಗ್ಗೆ ಅಮ್ಮನ ಫೋನಿನಿಂದ ಅಪ್ಪನ ದನಿಯ ಒಂದು ಸಂದೇಶ ಬರುತ್ತಿತ್ತು. "ಚಳಿ ಶುರುವಾಗಿರುತ್ತೆ, ಕಾಲಿಗೆ ಚೀಲ ಹಾಕ್ಕೊಂಡು ಮಲಗು." "ಪರೀಕ್ಷೆ ಹತ್ರ ಬಂತೇನೋ, ಹೆದರಬೇಡ." ಆಡಿದ್ದು ಅಪ್ಪನೇ, ಆದರೆ ಇವಳು ಕೇಳಿದ್ದಕ್ಕೆ ಅದರಲ್ಲಿ ಉತ್ತರ ಇರುತ್ತಿರಲಿಲ್ಲ.

ಒಮ್ಮೆ ಒದ್ದೆ ಮೆಟ್ಟಿಲಲ್ಲಿ ಜಾರಿಬಿದ್ದು ಎಡಗೈ ಮಣಿಕಟ್ಟು ಊದಿಕೊಂಡಿತು. ಪಟ್ಟಿ ಕಟ್ಟಿದ ಫೋಟೋ ಕಳಿಸಿದಳು. ಮೊದಲಾಗಿದ್ದರೆ ಅವಳಿಗೊಂದು ಮುಳ್ಳು ಚುಚ್ಚಿದರೂ ಬೀದಿಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದ ಅಪ್ಪ ಆ ಭಾನುವಾರ ಹೇಳಿದ್ದು, "ಅಲ್ಲಿ ಹೂವು ಬಿಡೋ ಕಾಲ ಬಂದಿರಬೇಕು, ಹೊರಗೆ ಸುತ್ತಾಡ್ಕೊಂಡು ಬಾ" ಎಂದು! ಕೈಯ ಸುದ್ದಿಯೇ ಇಲ್ಲ.  ಅಂದು ನಾನು ಹಾಗೆ ಅಂದದ್ದನ್ನು ಅಪ್ಪ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಇನ್ನು ಜನ್ಮದಲ್ಲಿ ನನ್ನ ಹತ್ತಿರ ಬಾಯ್ತುಂಬ ಮಾತಾಡುವುದಿಲ್ಲ ಎಂದು ದೊರೆಸಾನಿ ತೀರ್ಮಾನಿಸಿಕೊಂಡಳು. ತಪ್ಪಾಯಿತು ಎಂದು ಬರೆದು ಬರೆದು ಅಳಿಸಿದಳು. ಬಾಯಿಬಿಟ್ಟು ಕೇಳುವ ಧೈರ್ಯವೂ ಬರಲಿಲ್ಲ. ಅಪ್ಪನ ಮಗಳಾಗಿ ಇಷ್ಟು ಪುಕ್ಕಲಿ ಹೇಗಾದಳೋ! ಕೂಗುವವರ ಮನೆಯಲ್ಲಿ ಬೆಳೆದವಳು, ತಪ್ಪು ಒಪ್ಪಿಕೊಳ್ಳುವಾಗ ಮಾತ್ರ ಬಾಯಿ ಕಟ್ಟಿಕೊಂಡು ಕೂತಳು.

ಹೀಗಿರುವಾಗ ಒಂದು ಭಾನುವಾರ, ವರ್ಷದ ಕೊನೆಯ ಪರೀಕ್ಷೆಗೇ ಇನ್ನೂ ಬೇಕಾದಷ್ಟು ದಿನಗಳಿರುವಾಗ, ಹಾಸಿಗೆಯ ಮೇಲೆ ಕೂತು ಸಂದೇಶ ಒತ್ತಿದಳು.

"ದೊರೆಸಾನಿ, ನಾಳೆ ವಿಮಾನ ಹತ್ತುತೀಯ ಅಲ್ವಾ? ಪಾಸ್‌ಪೋರ್ಟನ್ನ ಪೆಟ್ಟಿಗೆ ಒಳಗೆ ಹಾಕಬೇಡ, ಕೈಚೀಲದಲ್ಲಿ ಇಟ್ಕೋ. ನೀನು ಇಳಿದು ಬರೋವಾಗ ನಾನು ಹೊರಗಡೆ ನಿಂತಿರ್ತೀನಿ. ಕೂಗಲ್ಲ. ಕೂಗೋಕೆ ಆಗಲ್ಲ ಮಗಳೇ. ಗಂಟಲಲ್ಲಿ ಒಂದು ಗಂಟು ಬಂದಿತ್ತು, ಕೆಟ್ಟ ಗಂಟು. ಮಾತಾಡೋ ಜಾಗವೇ ಸಮೇತ ತೆಗೀಬೇಕು ಅಂದ್ರು. ನಾಳೆ ಆಪರೇಷನ್ನು. ನೋಡು, ನಿನಗೆ ನಾಳೆ ಅಂದ್ರೆ ವಿಮಾನ, ನನಗೆ ನಾಳೆ ಅಂದ್ರೆ ಆಪರೇಷನ್ನು, ಎಲ್ಲಾ ಕಲಸಿಹೋಯ್ತು. ಇಷ್ಟು ದಿನ ಭಾನುವಾರ ಭಾನುವಾರ ನೀನು ಕೇಳಿಸ್ಕೊಂಡಿದ್ದೆಲ್ಲ ನಾನು ಇವತ್ತು ಒಂದೇ ದಿನ ಕೂತು ಫೋನಲ್ಲಿ ಹೇಳಿಟ್ಟಿದ್ದು. ಅಮ್ಮನ್ನ ಬೈಬೇಡ, ಹೇಳಬೇಡ ಅಂದಿದ್ದು ನಾನೇ. ಹೇಳಿದ್ರೆ ನೀನು ಓದು ಅರ್ಧಕ್ಕೆ ಬಿಟ್ಟು ಓಡಿ ಬರ್ತಿದ್ದೆ. ಅಷ್ಟು ಜನದಲ್ಲಿ ನಾನು ಎಲ್ಲಿದ್ದೀನಿ ಅಂತ ಗೊತ್ತಾಗದಿದ್ರೆ, ಕೆಂಪು ಶಾಲು ಹೊದ್ದಿರ್ತೀನಿ, ನೋಡ್ಕೊಂಡು ಬಾ."

ಅವಳು ಅತ್ತ ಸದ್ದಿಗೆ ಕನ್ನಡಕದ ಹುಡುಗಿ ಕಿವಿಯದನ್ನು ಕಿತ್ತೆಸೆದು ಓಡಿಬಂದಳು. ಏನಾಯಿತೆಂದು ಕೇಳಲಿಲ್ಲ, ತೋಳು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ದೊರೆಸಾನಿ ಅಮ್ಮನಿಗೆ ಫೋನು ಮಾಡಿದಳು.

ಅಮ್ಮ ಆಸ್ಪತ್ರೆಯ ಕಾರಿಡಾರಿನಲ್ಲಿದ್ದಳು. ಆಪರೇಷನ್ನು ಎಂದೋ ಮುಗಿದಿತ್ತು; ಈಗ ಅಪ್ಪನಿಗೆ ಜ್ವರ ಬಂದು ಹಿಂದಿನ ದಿನ ಮತ್ತೆ ಸೇರಿಸಿದ್ದರು. ಅವಸರದಲ್ಲಿ ಕನ್ನಡಕ ಮನೆಯಲ್ಲೇ ಮರೆತು, ಭಾನುವಾರ ತಪ್ಪಬಾರದೆಂದು ಕಣ್ಣು ಕಿರಿದು ಮಾಡಿ ಯಾವುದನ್ನೋ ಒತ್ತಿ ಕಳಿಸಿಬಿಟ್ಟಿದ್ದಳು.

"ಅಯ್ಯೋ, ಅದು ಕೊನೇದು ಕಣೇ! ನೀನು ಹೊರಡೋ ಹಿಂದಿನ ದಿನ ಕಳಿಸಬೇಕಿತ್ತು" ಎಂದು ಅಮ್ಮ ಬಾಯಿ ಬಾಯಿ ಬಡಿದುಕೊಂಡಳು.

ದೂರದಲ್ಲಿರುವವರಿಗೆ ಕೆಟ್ಟ ಸುದ್ದಿ ಮುಟ್ಟಿಸಬಾರದು ಎಂಬುದು ನಮ್ಮ ಮನೆಗಳಲ್ಲಿ ಯಾರೂ ಬರೆಯದ ಕಾನೂನು. ಮದುವೆ ನಿಶ್ಚಯವಾದರೆ ಅದೇ ಗಳಿಗೆಗೆ ಫೋನು ಹೋಗುತ್ತದೆ, ಕಾಯಿಲೆಯಾದರೆ ಮನೆಮಂದಿಯೆಲ್ಲ ಸೇರಿ ಸುಳ್ಳು ಹೊಸೆಯುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪ್ರೀತಿ ದೂರದಲ್ಲಿರುವವರ ಪಾಲಿನ ದುಃಖವನ್ನೂ ಕಸಿದುಕೊಂಡುಬಿಡುತ್ತದೆ. ನನಗಂತೂ ಇದು ನೆನೆದರೆ ಸಿಟ್ಟು ಬರುತ್ತದೆ.

"ಅಮ್ಮಾ, ನಾನು ಅವತ್ತು ಮೆತ್ತಗೆ ಮಾತಾಡಿ ಅಂದಿದ್ದಕ್ಕೆ ಅಪ್ಪಂಗೆ ಕೋಪಾನಾ?"

"ಯಾವತ್ತು?" ಅಮ್ಮನಿಗೆ ತಲೆಬುಡ ಗೊತ್ತಾಗಲಿಲ್ಲ. ಇವಳು ಬಿಕ್ಕುತ್ತ ಎಲ್ಲ ಹೇಳಿದ ಮೇಲೆ, "ಓ, ಅದಾ? ಕೋಪ ಎಲ್ಲಿಂದ ಬಂತು? ಆಗಲೇ ಅವರಿಗೆ ನೋವಿತ್ತು. ಡಾಕ್ಟರು ಕೂಗಬೇಡಿ ಅಂತ ಎಷ್ಟು ಬೇಡ್ಕೊಂಡ್ರೂ ಕೇಳಿರಲಿಲ್ಲ. ನೀನು ಹೇಳಿದ ಮೇಲೆ ಅಂದಿನಿಂದ ಪೆಟ್ಟಿಗೆ ಹತ್ತಲೇ ಇಲ್ಲ. ದೊರೆಸಾನಿ ಅಪ್ಪಣೆ ಆಯ್ತು ಅಂತ ನಗ್ತಿದ್ರು" ಎಂದಳು.

ಆಮೇಲೆ ಫೋನನ್ನು ಒಳಗೆ ಒಯ್ದು ಅಪ್ಪನ ಮುಖಕ್ಕೆ ಹಿಡಿದಳು. ಅಪ್ಪ ಅರ್ಧಕ್ಕರ್ಧ ಇಳಿದುಹೋಗಿದ್ದರು. ಉಸಿರಾಟಕ್ಕೆಂದು ಕತ್ತಿನಲ್ಲಿ ಮಾಡಿದ್ದ ತೂತಿನ ಮೇಲೆ ತೆಳುವಾದ ಬಿಳಿ ಬಟ್ಟೆ, ಉಸಿರಾಡಿದಾಗಲೆಲ್ಲ ಅದು ಅಲುಗುತ್ತಿತ್ತು. ಮಗಳನ್ನು ಕಂಡ ಕೂಡಲೇ ಅಭ್ಯಾಸಬಲದಿಂದ ಬಾಯಿ ದೊಡ್ಡದಾಗಿ ತೆರೆದರು, ಕೂಗುವವರಂತೆ ಎದೆ ಉಬ್ಬಿಸಿದರು. ಏನೂ ಬರಲಿಲ್ಲ. ಗಾಳಿಯಷ್ಟೇ ಬಟ್ಟೆಯನ್ನು ಎತ್ತಿತು.

"ನಾನು ಹೊರಟು ಬರ್ತೀನಿ ಅಪ್ಪಾ, ನಾಳೆನೇ ಬರ್ತೀನಿ" ಅಂದಳು. ಅಪ್ಪ ಮಂಚದ ಕಂಬಿಗೆ ಅಂಗೈಯಿಂದ ಬಡಿದರು. ತಲೆ ಆಡಿಸಿ ಬೇಡ ಅಂದರು. ಕಣ್ಣು ತುಂಬಿತ್ತು, ಆದರೆ ಹಟ ಹಾಗೇ ಇತ್ತು. ತನ್ನ ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಹಿಡಿದು, ಹುಬ್ಬು ಏರಿಸಿ ಅವಳ ಕಡೆ ನೋಡಿದರು. ಅವಳು ಕೈಯನ್ನು ಪರದೆಗೆ ಹತ್ತಿರ ಹಿಡಿದು, ವಾಸಿಯಾಗಿದೆ ಎಂದು ತಿರುಗಿಸಿ ತಿರುಗಿಸಿ ತೋರಿಸಿದಳು.

ಅವಳು ಓದು ಬಿಡಲಿಲ್ಲ. ಶೀತಲ ಕೋಣೆಗೆ ಹೋದಳು, ಸೇಬಿಗೆ ಸೂಜಿ ಚುಚ್ಚಿದಳು. ನೋಡಿದವರಿಗೆ ಎಲ್ಲ ಮೊದಲಿನಂತೆಯೇ ಇತ್ತು. ಜ್ವರ ಇಳಿದು ಅಪ್ಪ ಮನೆಗೆ ಬಂದ ಮೇಲೆ ಅಮ್ಮ ಕೇಳಿದಳು:

"ಉಳಿದಿದ್ದನ್ನೆಲ್ಲ ಒಟ್ಟಿಗೇ ಕಳಿಸಲಾ? ಇನ್ನು ಮುಚ್ಚಿಡೋಕೆ ಏನಿದೆ?"

"ಬೇಡಮ್ಮಾ. ಭಾನುವಾರಕ್ಕೊಂದೇ ಸಾಕು. ಕಳಿಸೋದೂ ಬೇಡ, ನಾನು ಫೋನಲ್ಲಿರೋವಾಗ ಅಲ್ಲೇ ಹಾಕು, ಎಲ್ಲರೂ ಕೇಳೋಣ" ಎಂದಳು ದೊರೆಸಾನಿ. ಬೇಗ ಬೇಗ ಕೇಳಿ ಮುಗಿಸಿಬಿಟ್ಟರೆ ಆಮೇಲೆ ಏನು ಗತಿ ಎಂಬ ಭಯ ಅವಳಿಗೆ.

ಮುಂದಿನ ಭಾನುವಾರ ಅಮ್ಮ ಎರಡು ಫೋನು ಮುಂದಿಟ್ಟುಕೊಂಡು ಕೂತಳು, ಒಂದು ತನ್ನದು, ಇನ್ನೊಂದು ಅಪ್ಪನದು. ಅಪ್ಪ ಗೋಡೆಗೆ ಒರಗಿದ್ದರು. ಕನ್ನಡಕ ಏರಿಸಿ ನೋಡಿ ನೋಡಿ ಅಮ್ಮ ಒಂದನ್ನು ಒತ್ತಿದಳು. ಅಪ್ಪನ ದನಿ ಕೋಣೆ ತುಂಬಿತು. ಮಂಡಿಯಲ್ಲಿ ಕುಂಬಳಕಾಯಿ ಹೊತ್ತವನೊಬ್ಬ ಜಾರಿ ಅದರ ಮೇಲೇ ಕೂತ ಕಥೆ. ಹೇಳುತ್ತ ಹೇಳುತ್ತ ದನಿ ಏರಿತು, ಕೊನೆಗೆ ತನ್ನ ಮಾತಿಗೆ ತಾನೇ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ದೊರೆಸಾನಿ ಪರದೆಯಲ್ಲಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಅವರು ನಗುತ್ತಿರಲಿಲ್ಲ. ತಲೆ ಬಗ್ಗಿಸಿ, ಒಂದಕ್ಷರವೂ ತಪ್ಪಬಾರದೆಂಬಂತೆ ಕಿವಿ ಕೊಟ್ಟಿದ್ದರು.

 ಮುಗಿದ ಮೇಲೆ ಅಪ್ಪ ಅಮ್ಮನ ತೋಳು ಮುಟ್ಟಿ, ಇನ್ನೊಂದು ಸಲ ಹಾಕು ಎಂದು ಸನ್ನೆ ಮಾಡಿದರು.