ಯಾರೂ ಸಿಗುವುದಿಲ್ಲ ಎಂಬ ಪತ್ರ

ಅಂಕೋಲೆ ಹತ್ತಿರದ ಬೋಟ್ ಕಾರ್ಖಾನೆಯ ಆಫೀಸಿನಲ್ಲಿ ನನಗೆ ಕಾಗದಪತ್ರದ ಕೆಲಸ. ಎಂಜಿನ್ ಕೂರಿಸಲು ಬಂದಿದ್ದ ವಿದೇಶಿ ತಜ್ಞನ ವೀಸಾ ಮುಂದುವರಿಸಲು ಒಂದು ಪತ್ರ ಬೇಕಾಗಿತ್ತು. ಈ ಕೆಲಸ ಬಲ್ಲವರು ಇಲ್ಲಿ ಯಾರೂ ಸಿಗುವುದಿಲ್ಲ ಅಂತ.

ಅದಕ್ಕೆ ತಜ್ಞನ ಸಹಿ ಹಾಕಿಸಲು ಶೆಡ್ಡಿಗೆ ಹೋದೆ. ಎಂಜಿನ್ ಓಡುತ್ತಿತ್ತು. ಮಾಜಾಳಿಯ ಪಾಂಡಣ್ಣ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ದೋಷದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಬೆರಳಲ್ಲಿ ತೋರಿಸುತ್ತಿದ್ದ. ತಜ್ಞ ಅದನ್ನು ಬರೆದುಕೊಳ್ಳುತ್ತಿದ್ದ. ನಮ್ಮ ದಾಖಲೆಯಲ್ಲಿ ಪಾಂಡಣ್ಣ ಹೆಲ್ಪರ್. ಪಗಾರ ಹೆಚ್ಚಿಸಿ ಎಂದಾಗಲೆಲ್ಲ ಮ್ಯಾನೇಜರು ಆ ಪದವನ್ನೇ ತೋರಿಸುತ್ತಿದ್ದರು.

"ಅದೆಂತ ಕಾಗದ ಅಕ್ಕೋರೆ?" ಎಂದು ಪಾಂಡಣ್ಣ ಕೇಳಿದ. ಓದಿ ಹೇಳಿದೆ.

ಅವನು ಸಿಟ್ಟಾಗಲಿಲ್ಲ. "ಹೌದೇ ಹೌದು. ಹೆಲ್ಪರ್ ಆದ್ರೆ ಯಾರ್ ಬೇಕಾದ್ರೂ ಸಿಗ್ತಾರೆ," ಎಂದು ಸ್ಕ್ರೂಡ್ರೈವರ್ ಒರೆಸಿ ಕಿಸೆಗೆ ಹಾಕಿಕೊಂಡ.

ಮರುವಾರ ಗೋವಾದಲ್ಲಿ ಕೆಲಸಕ್ಕೆ ಸೇರಿದನಂತೆ, ಮೆಕ್ಯಾನಿಕ್ ಎಂದೇ. ತಜ್ಞನಿಗೆ ವೀಸಾ ಸಿಕ್ಕಿತು. ದಿನಾ ಬೆಳಿಗ್ಗೆ ಆಫೀಸಿಗೆ ಬಂದು, ಪಾಂಡು ಎಲ್ಲಿ ಎಂದು ಕೇಳುತ್ತಾನೆ. ತಜ್ಞನೇ ಸಹಿ ಮಾಡಿದ ಪತ್ರದ ಪ್ರತಿ ನನ್ನ ಫೈಲಿನಲ್ಲಿದೆ. ಬರೆದ ದಿನ ಅದು ಸುಳ್ಳಾಗಿತ್ತು, ಈಗ ಒಂದಕ್ಷರವೂ ತಪ್ಪಿಲ್ಲ.