ಮಾನಪ್ಪ ಕಾಕಾನ ಚಿತ್ರದ ಕಪಾಟು

‘ನಿಮ್ಮ ಕೈಯಾಗಿಂದ ಯಾರ ಕಸಗೊಂಡ್ರು?’

ಚಿತ್ರದ ಪುಸ್ತಕ ಕೇಳಿಕೊಂಡು ಬಂದ ದೊಡ್ಡವರಿಗೆಲ್ಲ ಮಾನಪ್ಪ ಕಾಕಾ ಮೊದಲು ಹಾಕುತ್ತಿದ್ದ ಪ್ರಶ್ನೆ ಇದು. ಎಂಥ ಕಥೆ ಇಷ್ಟ, ಎಂಥ ಚಿತ್ರ ಇಷ್ಟ ಎಂದು ಅವರು ಕೇಳಿದ್ದನ್ನು ನಾನು ಕಾಣೆ. ಸಣ್ಣವರಿದ್ದಾಗ ಎಲ್ಲರೂ ಕಾಮಿಕ್ಸ್ ಓದಿರುತ್ತಾರೆ, ಒಂದು ದಿನ ಯಾರೋ ಅದನ್ನು ಕಸಿದುಕೊಂಡಿರುತ್ತಾರೆ, ಕಸಿದುಕೊಳ್ಳದಿದ್ದರೆ ಯಾರೂ ತಾವಾಗಿ ಬಿಡುತ್ತಿರಲಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಕಸಿದುಕೊಂಡವರು ಯಾರು, ಆಗ ವಯಸ್ಸೆಷ್ಟು ಎಂದು ತಿಳಿದ ಮೇಲೆಯೇ ಅವರ ಕೈ ಕಪಾಟಿನತ್ತ ಹೋಗುತ್ತಿತ್ತು.

ಹಾಗೆ ಬಂದವರು ಸಾಮಾನ್ಯವಾಗಿ ಕೇಳುತ್ತಿದ್ದುದು ತಮ್ಮ ಬಾಲ್ಯದ ಮುಖವಾಡದ ವೀರರನ್ನು, ಹಾರಾಡುವ ಧೀರರನ್ನು. ಕಾಕಾ ಕೊಡುತ್ತಿರಲಿಲ್ಲ. ‘ನೀವ ಹದಿಮೂರಕ್ಕ ಬಿಟ್ಟೀರಿ. ಗಾಡಿ ಅಲ್ಲೇ ನಿಂತಿಲ್ರಿ, ಭಾಳ ಮುಂದ ಬಂದೈತಿ. ನೀವೂ ಮುಂದ ಬಂದೀರಿ, ತಲಿ ಬೆಳ್ಳಗಾಗೈತಿ. ಹಳೇ ಸ್ಟೇಶನ್ನಿಗೆ ಹೋಗಿ ಏನ ಮಾಡತೀರಿ?’ ಎಂದು ದಪ್ಪನೆಯ ಗ್ರಾಫಿಕ್ ನಾವೆಲ್ ಒಂದನ್ನು ಕೈಗಿಡುತ್ತಿದ್ದರು. ಅಣ್ಣ ಕಸಿದುಕೊಂಡಿದ್ದ ಎಂದ ನರ್ಸಮ್ಮನಿಗೆ, ಮಾತು ಬಿಟ್ಟ ಅಣ್ಣ ತಮ್ಮಂದಿರು ತಾಯಿಯ ಆರೈಕೆಗಾಗಿ ಒಂದೇ ಮನೆಗೆ ಬಂದು ಇರುವ ಕಥೆ. ತಾನೇ ಮಗನ ಕೈಯಿಂದ ಕಸಿದು ಒಲೆಗೆ ಹಾಕಿದ್ದೆ ಎಂದು ಒಪ್ಪಿಕೊಂಡ ಒಬ್ಬ ನಿವೃತ್ತ ಗುಮಾಸ್ತರಿಗೆ ಎರಡು ಪುಸ್ತಕ: ‘ಒಂದ ನಿಮಗ, ಒಂದ ನಿಮ್ಮ ಮಗಗ. ಅಂವಗ ನೀವ ಖುದ್ದ ಒಯ್ದ ಕೊಡಬೇಕು.’

ಮಾನಪ್ಪ ಬಡಿಗೇರ ಅವರು ಹುಬ್ಬಳ್ಳಿಯ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ನಿವೃತ್ತಿಯ ನಂತರ ಬೆಂಗೇರಿಯ ನಮ್ಮ ಕಾಲೊನಿಯ ವಾಚನಾಲಯ ನೋಡಿಕೊಳ್ಳುತ್ತಿದ್ದರು. ಸಂಬಳವಿಲ್ಲದ ಕೆಲಸ, ಆದರೆ ಖಾಕಿ ಅಂಗಿ ಹಾಕಿಕೊಂಡೇ ಬರುತ್ತಿದ್ದರು. ಜೇಬಿನಲ್ಲಿ ಎರಡು ಪೆನ್ಸಿಲ್, ಒಂದು ಸಣ್ಣ ಸ್ಕೇಲು. ‘ನಾ ಮ್ಯಾಟ್ರಿಕ್ ಫೇಲ್‌ರಿ. ಆದ್ರ ಡ್ರಾಯಿಂಗ್ ಓದಾಕ ಬರತೈತಿ. ಡ್ರಾಯಿಂಗ್ ಓದಾಕ ಬರಲಾರದಾಂವ ಗಾಡಿ ಕೆಳಗ ಕೈ ಹಾಕಿದ್ರ ಕೈ ಹೋಗತೈತಿ’ ಎಂದು ಓದಿದವರ ಮುಂದೆ ಬೇಕೆಂತಲೇ ಹೇಳುತ್ತಿದ್ದರು. ತಿಂಗಳಿಗೊಮ್ಮೆ ಬಸ್ಸು ಹತ್ತಿ ರಾಯಾಪುರದ ಒಬ್ಬ ರದ್ದಿ ವ್ಯಾಪಾರಿಯ ಗೋದಾಮಿಗೆ ಹೋಗಿ, ಹಳೆಯ ಕಾಗದದ ಗಂಟುಗಳನ್ನು ಬಿಚ್ಚಿಸಿ, ಎಲ್ಲೆಲ್ಲಿಂದಲೋ ಬಂದು ಬಿದ್ದ ಚಿತ್ರದ ಪುಸ್ತಕಗಳನ್ನು ಆರಿಸಿ ತರುತ್ತಿದ್ದರು. ಹೆಚ್ಚಿನವು ಇಂಗ್ಲಿಷಿನವು.

ಅದಕ್ಕೂ ಅವರದೊಂದು ದಾರಿ ಇತ್ತು. ಕಾರ್ಖಾನೆಯಲ್ಲಿ ನಕ್ಷೆಗಳ ಮೇಲೆ ಹಾಸುತ್ತಿದ್ದಂಥ ಟ್ರೇಸಿಂಗ್ ಕಾಗದವನ್ನು ಪುಟದ ಅಳತೆಗೆ ಕತ್ತರಿಸಿ, ಮಾತಿರುವ ಪ್ರತಿ ಪುಟದ ಮೇಲೂ ಒಂದು ಹಾಳೆ ಕೂಡಿಸಿ, ಕೆಳಗಿನ ಮಾತಿನ ಗುಳ್ಳೆಗಳ ಮೇಲೆ ಸರಿಯಾಗಿ ಕೂರುವಂತೆ ಕನ್ನಡದಲ್ಲಿ ಮಾತು ಬರೆಯುತ್ತಿದ್ದರು. ಪಕ್ಕದಲ್ಲಿ ಹರಕು ಡಿಕ್ಷನರಿ. ಒಂದು ಪುಸ್ತಕಕ್ಕೆ ಒಂದು ತಿಂಗಳು ಹಿಡಿಯುತ್ತಿತ್ತು. ಹೀಗೆ ನೂರಾಹತ್ತು ಪುಸ್ತಕಗಳು ಆ ಒಂದು ಕಪಾಟಿನಲ್ಲಿದ್ದವು.

ನಾನು ಅವರ ಬಳಿ ಹೋದದ್ದು ಪುಸ್ತಕ ಕೇಳಲು ಅಲ್ಲ. ಆ ಕಪಾಟನ್ನು ತೆಗೆಸಲು.

ವಿದ್ಯಾನಗರದ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತೇನೆ, ವಾಚನಾಲಯದ ಸಮಿತಿಯಲ್ಲಿ ಕಾರ್ಯದರ್ಶಿ. ಸುತ್ತಲಿನ ಬಾಡಿಗೆ ಕೋಣೆಗಳಲ್ಲಿ ಇದ್ದುಕೊಂಡು ನೌಕರಿಯ ಪರೀಕ್ಷೆಗಳಿಗೆ ಓದುವವರು ನಮ್ಮಲ್ಲಿಗೆ ಬರುತ್ತಾರೆ. ಕಪಾಟು ಕಿತ್ತು ಆ ಜಾಗದಲ್ಲಿ ಅವರಿಗಾಗಿ ಗೈಡುಗಳ ದೊಡ್ಡ ಶೆಲ್ಫು ನಿಲ್ಲಿಸಬೇಕು, ಚಿತ್ರದ ಪುಸ್ತಕ ದೊಡ್ಡವರಿಗೆ ಯಾಕೆ ಎಂದು ಅಧ್ಯಕ್ಷರಾದ ಶೆಟ್ಟರು ಠರಾವು ಮಾಡಿಸಿದರು. ಹತ್ತಿ ವ್ಯಾಪಾರ ಮಾಡಿ ನಿವೃತ್ತರಾದ ಅವರಿಗೆ ಖಾಲಿ ಜಾಗ ಕಂಡರೂ ಸಂಕಟ, ತುಂಬಿದ ಜಾಗ ಕಂಡರೂ ಸಂಕಟ. ಕಪಾಟು ತೆರವು ಮಾಡುವ ಕೆಲಸವನ್ನು ನನ್ನ ಹೆಸರಿಗೆ ಬರೆದರು. ನಾನೂ ಹೌದೆಂದೆ. ನನ್ನ ಅಭಿಪ್ರಾಯವೂ ಆಗ ಅದೇ ಆಗಿತ್ತು.

ಕಾಕಾ ನನ್ನ ಮಾತನ್ನು ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ. ‘ತಗಸ್ರಿ ಅಕ್ಕೋರ. ಅದಕ್ಕಿಂತ ಮೊದಲ ಒಂದ ಹೇಳ್ರಿ. ನಿಮ್ಮ ಕೈಯಾಗಿಂದ ಯಾರ ಕಸಗೊಂಡ್ರು?’

ಹೇಳಬಾರದೆಂದುಕೊಂಡೆ, ಹೇಳಿಬಿಟ್ಟೆ. ‘ನಮ್ಮಪ್ಪ. ಅವರೂ ಮಾಸ್ತರ ಇದ್ರು. ನಾ ಎಂಟನೇತ್ತಾ ಇದ್ದೆ. ಒಂದ ಟ್ರಂಕ್ ಕಾಮಿಕ್ಸ ರದ್ದಿಗೆ ಹಾಕಿದ್ರು. ಇನ್ನ ಅಕ್ಷರ ಇರೂದನ್ನ ಓದು ಅಂದ್ರು.’

‘ನೀವೂ ಅಕ್ಷರಾನ ಓದಕೋತ ಬಂದ್ರಿ.’ ಅವರು ಎದ್ದು ಒಂದು ಪುಸ್ತಕ ತೆಗೆದರು. ‘ಇದೊಂದ ಓದ್ರಿ. ಓದಿ ಬಂದು ನನಗ ಕಥಿ ಹೇಳ್ರಿ. ಆಮ್ಯಾಲೆ ಕಪಾಟ ನಾನ ಎತ್ತಿ ಕೊಡತೇನಿ.’

ಹಿಮ ಬೀಳುವ ಯಾವುದೋ ದೇಶದ ಒಂದು ಬೇಕರಿಯ ಕಥೆ. ಅಪ್ಪ, ಅವ್ವ, ಮಗ. ಬೇಕರಿ ಮಾರಬೇಕು ಎಂದು ಮಗ, ಮಾರುವುದಿಲ್ಲ ಎಂದು ಅಪ್ಪ. ಕುಕ್ಕರಿನ ಸೀಟಿಗಳ ನಡುವೆ ಮುಕ್ಕಾಲು ತಾಸಿನಲ್ಲಿ ಓದಿ ಮುಗಿಸಿದೆ. ನನ್ನನ್ನು ಕೆರಳಿಸಿದ್ದು ಕಥೆಯಲ್ಲ, ಕಾಕಾನ ಕನ್ನಡ. ಆ ಬಿಳಿಯ ಹೆಂಗಸು ಮಗನಿಗೆ ‘ಸ್ವೆಟರ್ ಹಾಕ್ಕೊಂಡ ಹೋಗಪಾ, ಥಂಡಿ ಹತ್ತತೈತಿ’ ಎನ್ನುತ್ತಾಳೆ. ಅಪ್ಪ ‘ನಾ ಇರೂ ತನಕ ಈ ಭಟ್ಟಿ ಆರಂಗಿಲ್ಲಲೇ’ ಎಂದು ಗುಡುಗುತ್ತಾನೆ. ನನ್ನ ಕೈ ಸುಮ್ಮನಿರಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ಟ್ರೇಸಿಂಗ್ ಹಾಳೆಗಳ ಮೇಲೆ ಮಕ್ಕಳ ಉತ್ತರಪತ್ರಿಕೆ ತಿದ್ದುವ ಹಾಗೆ ತಿದ್ದಿದೆ. ನಲವತ್ತೊಂದು ತಪ್ಪು.

ಮರುದಿನ ಆ ತಪ್ಪುಗಳನ್ನೇ ಮುಂದಿಡುವ ಉಮೇದಿನಲ್ಲಿ ಹೋಗಿ ಕಥೆ ಹೇಳಿದೆ. ಕಾಕಾ ಕೆಂಪು ಗೆರೆಗಳನ್ನು ಒಂದೊಂದಾಗಿ ನೋಡಿ, ಪುಸ್ತಕ ಮುಚ್ಚಿ ಕೇಳಿದರು.

‘ತಂಗಿಗೆ ಏನಾತ್ರಿ?’

‘ಯಾವ ತಂಗಿ?’

‘ಆ ಹುಡುಗನ ತಂಗಿ.’

‘ಅದರಾಗ ತಂಗಿ ಎಲ್ಲಿ ಬರತಾಳ್ರಿ ಕಾಕಾ?’

ಕಾಕಾ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, ಟ್ರೇಸಿಂಗ್ ಹಾಳೆಗಳನ್ನು ಎತ್ತಿ ಹಿಡಿದು, ಮೊದಲಿನಿಂದ ಒಂದೊಂದೇ ಪುಟ ತೋರಿಸುತ್ತ ಹೋದರು. ಮೊದಲನೆಯ ಪುಟದಲ್ಲಿ ಮೇಜಿನ ಕೆಳಗೆ ಒಬ್ಬ ಹುಡುಗಿ. ಎರಡನೆಯದರಲ್ಲಿ ಕಿಟಕಿಯ ಹತ್ತಿರ. ಅಪ್ಪ ಮಗ ಹಿಟ್ಟು ನಾದುವಾಗ ಬಾಗಿಲ ಸಂದಿಯಲ್ಲಿ. ಅವಳು ಎಲ್ಲ ಕಡೆ ಇದ್ದಳು, ಎಲ್ಲಿಯೂ ಮಾತಾಡಿರಲಿಲ್ಲ. ಪುಸ್ತಕದ ನಡುವೆ ಮಾತಿಲ್ಲದ ನಾಲ್ಕು ಪುಟ: ಒಂದು ಹಾಸಿಗೆ, ಬಾಗಿಲಲ್ಲಿ ಸಣ್ಣ ಬೂಟುಗಳು, ಫ್ರಾಕು ಮಡಿಸುತ್ತಿರುವ ತಾಯಿಯ ಕೈ, ಹಿಮದಲ್ಲಿ ಮೂವರ ಹೆಜ್ಜೆ. ಆ ಮೇಲೆ ಊಟದ ಮೇಜಿಗೆ ಕುರ್ಚಿ ನಾಲ್ಕು, ಕೂತವರು ಮೂವರು. ಮಗಳು ಆಡಿದ ಜಾಗವೆಂದೇ ಅಪ್ಪ ಬೇಕರಿ ಮಾರಲೊಲ್ಲ, ಅದೇ ಕಾರಣಕ್ಕೆ ಮಗನಿಗೆ ಅಲ್ಲಿರಲು ಆಗುತ್ತಿಲ್ಲ. ಮಾತಿಲ್ಲವೆಂದು ನಾನು ಆ ನಾಲ್ಕು ಪುಟಗಳನ್ನು ಒಟ್ಟಿಗೇ ತಿರುವಿ ಹಾಕಿದ್ದೆ.

ನಲವತ್ತೊಂದು ತಪ್ಪು ಹುಡುಕಿದವಳು ಒಬ್ಬ ಹುಡುಗಿಯನ್ನು ನೋಡಿರಲಿಲ್ಲ. ನನಗೆ ನಾಚಿಕೆಯಾಯಿತು. ಆ ಹೊತ್ತಿಗೆ ನೆನಪಾದವಳು ರೇಣುಕಾ. ನನ್ನ ಒಂಬತ್ತನೆಯ ತರಗತಿಯಲ್ಲಿ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದಳು, ಕೇಳಿದರೂ ಉತ್ತರ ಕೊಡುತ್ತಿರಲಿಲ್ಲ. ನಡುವರ್ಷದಲ್ಲಿ ಶಾಲೆ ಬಿಟ್ಟಳು. ಅವಳೇಕೆ ಬಿಟ್ಟಳು ಎಂದು ಮುಖ್ಯಾಧ್ಯಾಪಕರು ಕೇಳಿದಾಗ ನನಗೆ ಅವಳ ಕೈಬರಹ ನೆನಪಾಯಿತೇ ಹೊರತು ಮುಖ ನೆನಪಾಗಲಿಲ್ಲ. ಇದನ್ನು ಕಾಕಾನಿಗೆ ಹೇಳಿದೆ. ಯಾರಿಗೂ ಹೇಳಿರಲಿಲ್ಲ.

ಅವರು ಸಮಾಧಾನ ಮಾಡುವ ಪೈಕಿ ಅಲ್ಲ. ‘ಹೂಂ’ ಎಂದರು. ಪುಸ್ತಕ ನನ್ನ ಕೈಗಿಟ್ಟು, ‘ಇನ್ನೊಂದ ಸಲ ಒಯ್ರಿ. ಈ ಸಲ ಪೆನ್ ಮನ್ಯಾಗ ಮುಚ್ಚಿಟ್ಟ ಓದ್ರಿ’ ಎಂದರು. ಮುಂದಿನ ಬಾರಿ ಆ ಪುಸ್ತಕ ನೋಡಿದಾಗ ಮಾತಿಲ್ಲದ ನಾಲ್ಕು ಪುಟಗಳ ಮೇಲೂ ಖಾಲಿ ಟ್ರೇಸಿಂಗ್ ಹಾಳೆಗಳು ಕೂತಿದ್ದವು. ಇದೇಕೆ ಎಂದೆ. ‘ನಿಮ್ಮಂಥಾ ಓದಿದವರ ಸಲುವಾಗಿ. ಹಾಳಿ ಎತ್ತಲಿಕ್ಕರ ಒಂದ ಘಳಿಗಿ ನಿಲ್ಲತೀರಿ.’

ಆ ತಿಂಗಳ ಸಭೆಯಲ್ಲಿ ಶೆಟ್ಟರು ಕಪಾಟಿನ ವಿಷಯ ಎತ್ತಿದಾಗ ನಾನು ಎದ್ದು ನಿಂತೆ. ಕೆಲಸ ಮುಗಿದಿಲ್ಲ, ತೆಗೆಯುವ ಮೊದಲು ಏನು ತೆಗೆಯುತ್ತಿದ್ದೇವೆಂದು ಗೊತ್ತಿರಬೇಕು, ಅದಕ್ಕೆ ಓದುತ್ತಿದ್ದೇನೆ ಎಂದೆ.

‘ಎಷ್ಟ ಅದಾವ್ರಿ ಮೇಡಂ?’

‘ನೂರಾಹತ್ರಿ. ಒಂದೊಂದನ್ನೂ ಎರಡೆರಡ ಸಲ ಓದಬೇಕಾಗತೈತಿ.’

ನಡಾವಳಿ ಬರೆಯುವವಳು ನಾನೇ. ‘ಕಪಾಟು ತೆರವು: ಕೆಲಸ ಪ್ರಗತಿಯಲ್ಲಿದೆ’ ಎಂದು ಬರೆದೆ. ಮುಂದಿನ ತಿಂಗಳೂ ಅದೇ, ಅದರ ಮುಂದಿನ ತಿಂಗಳೂ ಅದೇ. ಸರಕಾರಿ ಕಾಗದಗಳಲ್ಲಿ ಎಷ್ಟೋ ಸಲ ಬೇಸರದಿಂದ ಓದಿದ್ದ ಆ ಸಾಲನ್ನು ಇಷ್ಟು ಖುಷಿಯಿಂದ ಬರೆಯಬಹುದೆಂದು ಗೊತ್ತಿರಲಿಲ್ಲ. ಕಾಕಾ ನಾನು ಓದುವುದಕ್ಕಿಂತ ಬೇಗ ಹೊಸ ಪುಸ್ತಕ ತರತೊಡಗಿದರು. ಹಿಂದೆ ಬೀಳುವ ಕೆಲಸವನ್ನು ನಾನು ಜೀವನದಲ್ಲಿ ಮೊದಲ ಸಲ ಮನಸಾರೆ ಮಾಡಿದೆ.

ಶೆಟ್ಟರ ತಾಳ್ಮೆ ತೀರಿತು. ಒಂದು ಮಂಗಳವಾರ ಬೆಳಿಗ್ಗೆ ಅವರೇ ಒಬ್ಬ ಕಾರ್ಪೆಂಟರನನ್ನು ಕರೆದುಕೊಂಡು ಬಂದರು. ಕಾರ್ಪೆಂಟರ ಕಪಾಟಿನ ಬಾಗಿಲು ತೆಗೆದು, ಒಳಗೆ ಬಗ್ಗಿ ನೋಡಿ, ಹೊರಗೆ ಬಂದು ತಲೆ ಕೆರೆದುಕೊಂಡ. ನಾಲ್ಕು ಮೂಲೆಗೂ ಅಂಗೈಯಷ್ಟು ದಪ್ಪ ನಟ್ಟಿನ ಬೋಲ್ಟುಗಳು ಗೋಡೆಯೊಳಕ್ಕೆ ಹೋಗಿದ್ದವು. ‘ಇದು ರೈಲ್ವೇದ ಮಾಲ್ರಿ ಸಾಹೇಬ್ರ. ಇಷ್ಟ ದೊಡ್ಡ ಪಾನಾ ನನ್ನ ಹತ್ರ ಇಲ್ರಿ’ ಎಂದ. ಪಾನಾ ಎಂದರೆ ಸ್ಪ್ಯಾನರ್. ಅದು ಕಾಕಾ ಕೂತಿದ್ದ ಸ್ಟೂಲಿನ ಕೆಳಗೆ ಇತ್ತು. ಅವರು ಚಹಾ ಕುಡಿಯುತ್ತಿದ್ದರು.

‘ಮಾನಪ್ಪ, ನಿಮ್ಮ ಪಾನಾ ಕೊಡ್ರಿ’ ಎಂದರು ಶೆಟ್ಟರು.

‘ಕೊಡಂಗಿಲ್ರಿ.’

‘ಪರೀಕ್ಷಾ ಬರಿಯೂ ಹುಡುಗ್ರ ಜೀವನದ ಪ್ರಶ್ನೆ ಐತಿ.’

‘ಗೈಡ್ ಇಡ್ರಿ, ಯಾರ ಬ್ಯಾಡ ಅಂದ್ರು? ಆ ಕಡೆ ಗ್ವಾಡಿ ಪೂರಾ ಖಾಲಿ ಐತಿ. ಪರೀಕ್ಷಾ ಬರಿಯೋರು ಬ್ಯಾರೆ ಏನೂ ನೋಡಬಾರದು ಅಂತ ಯಾವ ನೋಟಿಫಿಕೇಶನ್ ಬಂದೈತ್ರಿ? ಈ ಕಪಾಟ ತಗೀಬೇಕಂದ್ರ ಗ್ವಾಡಿ ಒಡೀರಿ. ಗ್ವಾಡಿ ಬರತೈತಿ, ಕಪಾಟ ಬರಂಗಿಲ್ಲ. ವಾಶರ್ ಹಾಕಿ ಬಿಗದೇನಿ.’ ದನಿ ಏರಲಿಲ್ಲ. ಚಹಾ ಮುಗಿಸಿ ಕಾರ್ಪೆಂಟರನತ್ತ ತಿರುಗಿದರು. ‘ನಿನ್ನ ಕೈಯಾಗಿಂದ ಯಾರ ಕಸಗೊಂಡ್ರೋ ತಮ್ಮಾ?’

‘ನಮ್ಮ ಸಾಲಿ ಮಾಸ್ತರ್ರಿ’ ಎಂದ ಅವನು ತಟ್ಟನೆ. ಹೋಗುವಾಗ ಅವನ ಕೈಚೀಲದಲ್ಲಿ ಉಳಿ, ಕರಗಸಗಳ ಜೊತೆ ಒಂದು ಪುಸ್ತಕವಿತ್ತು.

ಅಂದಿನಿಂದ ನಾನು ಶನಿವಾರ ಮಧ್ಯಾಹ್ನಗಳಲ್ಲಿ ಕಾಕಾನ ಪಕ್ಕ ಕೂತು ಟ್ರೇಸಿಂಗ್ ಹಾಳೆ ಬರೆಯತೊಡಗಿದೆ. ಅವರು ಚಿತ್ರ ಓದಿ ಹೇಳುವರು, ನಾನು ಮಾತು ಬರೆಯುವೆ. ನನ್ನ ಪುಸ್ತಕದ ಕನ್ನಡ ಅವರಿಗೆ ಹಿಡಿಸುತ್ತಿರಲಿಲ್ಲ. ‘ಹಿಂಗ ಯಾರ ಅಳತಾರ್ರಿ ಅಕ್ಕೋರ? ಆಕಿ ಮಾರಿ ನೋಡಿ ಬರೀರಿ’ ಎಂದು ಹಾಳೆ ಹಿಂತಿರುಗಿಸುವರು. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ಕಲಿಸಿದ ನಾನು ಮುಖ ನೋಡಿ ಬರೆಯುವುದನ್ನು ಕಲಿತದ್ದು ಅವರಿಂದ.

ಹೋದ ಮಳೆಗಾಲದಲ್ಲಿ ಅವರಿಗೆ ಎದೆಯ ಬೇನೆ ಬಂತು. ನೋಡಲು ಹೋದಾಗ ಮಂಚದ ಮೇಲೆ ಒರಗಿ ಕೂತಿದ್ದರು, ಖಾಕಿ ಅಂಗಿಯಿಲ್ಲದ ಅವರನ್ನು ಅದೇ ಮೊದಲು ನೋಡಿದ್ದು. ಮಗಳಿಗೆ ಸನ್ನೆ ಮಾಡಿದರು. ಅವಳು ಹಳೆಯ ಬನಿಯನ್ನಿನಲ್ಲಿ ಸುತ್ತಿದ ಒಂದು ಭಾರದ ವಸ್ತು ತಂದು ನನ್ನ ತೊಡೆಯ ಮೇಲಿಟ್ಟಳು. ಪಾನಾ.

‘ನಿಮ್ಮ ಕಡೆ ಇಡ್ರಿ’ ಎಂದರು. ಉಸಿರು ಕೂಡಿಸಿಕೊಳ್ಳಲು ಸಮಯ ಬೇಕಾಯಿತು. ‘ಕಪಾಟ ತಗಿಯೂ ಕೆಲಸ ನಿಮ್ಮ ಹೆಸರಿಗೇ ಐತೆಲ್ಲ. ತಗದ್ರ ನೀವ ತಗೀಬೇಕು. ಬ್ಯಾರೆಯವರ ಕೈಗೆ ಕೊಡಬ್ಯಾಡ್ರಿ.’

‘ನಾ ತಗೀತೇನಿ ಅನಸತೈತೇನ್ರಿ ಕಾಕಾ?’

‘ನನಗೇನ ಗೊತ್ತ್ರಿ? ಓದಿದವರ ಭರೋಸಾ ಇರಂಗಿಲ್ಲ.’ ನಕ್ಕರು. ನಾಲ್ಕು ದಿನಕ್ಕೆ ತೀರಿಕೊಂಡರು. ಸುದ್ದಿ ಬಂದಾಗ ನಾನು ಶಾಲೆಯಲ್ಲಿದ್ದೆ, ಪಾಠ ಅರ್ಧಕ್ಕೆ ನಿಲ್ಲಿಸಿ ಹೋದೆ. ಮಕ್ಕಳೆದುರು ಅತ್ತೆ, ಅದನ್ನು ಮುಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಮುಂದಿನ ಸಭೆಯಲ್ಲಿ ಎರಡು ನಿಮಿಷ ಮೌನ ಆಚರಿಸಿದೆವು. ಮೌನ ಮುಗಿಯುತ್ತಲೂ ಶೆಟ್ಟರು ಕನ್ನಡಕ ಸರಿಮಾಡಿಕೊಂಡರು. ‘ಮಾನಪ್ಪ ಛಲೋ ಮನಿಶ್ಯಾ, ಖರೇ. ಆದ್ರ ಇನ್ನ ಆ ಕಪಾಟ ಯಾರ ನೋಡಬೇಕು? ಆ ಪಾನಾ ಎಲ್ಲೈತ್ರಿ ಮೇಡಂ, ಗೊತ್ತೈತೇನು?’

ಚೀಲದಿಂದ ತೆಗೆದು ಮೇಜಿನ ನಡುವೆ ಇಟ್ಟೆ. ಇಟ್ಟ ಸದ್ದಿಗೆ ಒಳಗೆ ಓದುತ್ತಿದ್ದವರು ತಲೆ ಎತ್ತಿ ನೋಡಿದರು. ‘ಇಲ್ಲೈತ್ರಿ. ನೂರಾ ಮೂವತ್ತಾರ ಪುಸ್ತಕ ಅದಾವು. ಎಲ್ಲಾ ಓದಿದವರು ಯಾರರ ಇದ್ರ ತಗೊಳ್ರಿ. ಓದಿದೇನಂದ್ರ ಸಾಕಾಗಂಗಿಲ್ಲ. ನಾ ಕೇಳತೇನಿ, ತಂಗಿಗೆ ಏನಾತು ಅಂತ.’

ಯಾರೂ ಕೈ ಹಾಕಲಿಲ್ಲ. ಶೆಟ್ಟರು ಒಮ್ಮೆ ಪಾನಾ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ‘ಚಹಾ ತರಸ್ರಿ’ ಎಂದರು. ನಾನು ಕಾಕಾನ ಸ್ಟೂಲನ್ನು ಮೇಜಿಗೆ ಎಳೆದುಕೊಂಡು ಕೂತು, ನಡಾವಳಿ ಪುಸ್ತಕ ತೆರೆದು ಬರೆದೆ: ಕಪಾಟು ತೆರವು, ಕೆಲಸ ಪ್ರಗತಿಯಲ್ಲಿದೆ.