ನಿನ್ನ ಕೈಯಲ್ಲಿದ್ದ ಹುಂಜ ನನ್ನದು

ಸುಧಾಕರ, ನಿನ್ನ ಕೆಲಸ ತೆಗೆದದ್ದು ಪೊಲೀಸರ ವರದಿಯಲ್ಲ, ನಾನು. ಇಷ್ಟು ವರ್ಷ ಬಾಯಿ ಬಿಡಲಿಲ್ಲ — ಥೂ, ನನ್ನ ಜನ್ಮಕ್ಕಿಷ್ಟು!

ಮಣಿಪಾಲದ ನಮ್ಮ ಆಫೀಸಿಗೆ ಹೊಸದಾಗಿ ಸೇರುವವರ ಹಿನ್ನೆಲೆ ವಿಚಾರಿಸುವುದು ನನ್ನ ಕೆಲಸ. ನೀನು ಸ್ಟೋರ್ಸಿಗೆ ಸೇರಿದ್ದೆ, ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಆದ ಮೇಲೆಯೇ ಮದುವೆ ಎಂದು ಕಾಪುವಿನ ಹುಡುಗಿಯ ಮನೆಯವರು ಕಾಯುತ್ತಿದ್ದರು. ಅಷ್ಟರಲ್ಲಿ ಠಾಣೆಯಿಂದ ವರದಿ ಬಂತು: ಕೋಳಿ ಅಂಕದ ಕೇಸು, ಹುಂಜ ಕಾದಾಡಿಸುವಲ್ಲಿ ಸಿಕ್ಕಿಬಿದ್ದು ದಂಡ ಕಟ್ಟಿದ್ದಾನೆ.

ಮ್ಯಾನೇಜರ್ ಮೇಡಂ ಘಟ್ಟದ ಮೇಲಿನವರು. ಅವರಿಗೆ ಕೋಳಿ ಅಂಕ ಎಂದರೆ ಜೂಜು, ಜೂಜುಕೋರ ಎಂದರೆ ಕಳ್ಳ. ಸ್ಟೋರ್ಸಿನ ಬೀಗದ ಕೈ ಇಂಥವನಿಗೆ ಕೊಡುವುದಾ ಎಂದು ಕೂಗಾಡಿದರು. ಊರ ದೈವದ ನೇಮೋತ್ಸವ ಮುಗಿದ ಮೇಲೆ ಅಂಕಕ್ಕೆ ಹೋಗದ ಗಂಡಸು ನಮ್ಮಲ್ಲಿ ಯಾರಿದ್ದಾನೆ? ಹೇಳಬಹುದಿತ್ತು. ಹೇಳಿದ್ದರೆ, ಹಾಗಾದರೆ ನೀವೂ ಹೋಗುತ್ತೀರಾ ಎಂದು ಕೇಳುತ್ತಿದ್ದರು —

ಅಂಕ ನಡೆದ ಅಲೆವೂರಿನ ಆ ಗದ್ದೆಗೆ ನಿನ್ನನ್ನು ಎಳೆದುಕೊಂಡು ಹೋದವನೇ ನಾನು. ಹುಂಜ ನನ್ನದು. ಜೀಪು ಕಂಡದ್ದೇ ತಡ, ಎದ್ದೆನೋ ಬಿದ್ದೆನೋ ಎಂದು ಓಡಿದೆ. ನೀನೂ ಓಡಿದ್ದೆ. ತಿರುಗಿ ಹಿಂದೆ ಹೋದದ್ದು ಎಂತಕ್ಕೆ ಮಾರಾಯ? ಗಾಯವಾದ ಕೋಳಿಯನ್ನು ಬಿಟ್ಟು ಬರಬಾರದಂತೆ! ಅದನ್ನು ಎದೆಗವಚಿಕೊಂಡೇ ಸಿಕ್ಕಿಬಿದ್ದೆ. ಯಾರದ್ದು ಎಂದು ಪೊಲೀಸರು ಕೇಳಿದರೆ "ನನ್ನದೇ" ಎಂದೆಯಂತೆ. ಆ ನಿನ್ನ ಒಳ್ಳೆಯತನ ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ.

"ನಿಮ್ಮ ಕಡೆಯವನಲ್ವಾ? ನಿಮಗೆ ಗೊತ್ತಾ?" ಮೇಡಂ ಕೇಳಿದರು.

"ಮುಖ ಪರಿಚಯ ಅಷ್ಟೆ" ಎಂದೆ. ಒಂದೇ ಬಟ್ಟಲಿನ ಗಂಜಿ ಉಂಡು ಬೆಳೆದವನ ಬಗ್ಗೆ!

ಸಂಜೆಯೊಳಗೆ ನಿನ್ನನ್ನು ಕಳಿಸಿಬಿಟ್ಟರು. ಗೇಟಿನ ಹತ್ತಿರ ನೀನು ಕೇಳಿದ್ದು ಒಂದೇ: "ನಿನ್ನ ಹೆಸರು ಬರಲಿಲ್ಲ ಅಲ್ವಾ?" ನಾನು ತಲೆ ತಗ್ಗಿಸಿ ಒಳಗೆ ಹೋದೆ. ತಿಂಗಳೊಳಗೆ ಕಾಪುವಿನವರು ಸಂಬಂಧ ಬೇಡ ಎಂದರು. ನೀನು ಪರ್ಕಳದಲ್ಲಿ ಬಾಡಿಗೆಯ ಟೆಂಪೋ ಹಿಡಿದೆ. ಈಗಲೂ ಕಂಡರೆ ಕೈ ಎತ್ತಿ ನಗುತ್ತೀ. ಆ ನಗು ನನಗೆ ಬೇಡ, ಸುಧಾಕರ. ಕೆನ್ನೆಗೆ ಎರಡು ಬಾರಿಸು.

ಇವತ್ತು ತಡೆಯಲಾಗಲಿಲ್ಲ. ಮೇಡಂ ಎದುರು ನಿಂತು ಎಲ್ಲ ಹೇಳಿದೆ, ಕೆಲಸ ಹೋದರೆ ಹೋಗಲಿ ಎಂದು. ಅವರು ನಕ್ಕುಬಿಟ್ಟರು.

"ಅಯ್ಯೋ, ಹಳೇ ಕಥೆ ಬಿಡ್ರೀ. ನೀವು ಖಾಯಂ ಇದ್ದೀರಲ್ಲ, ಇಷ್ಟಕ್ಕೆಲ್ಲ ಯಾರು ತೆಗೀತಾರೆ?"

ಅಷ್ಟೆ. ಅಂದೂ ನಾನು ಖಾಯಂ ಆಗಿದ್ದೆ; ಬಾಯಿ ಬಿಟ್ಟಿದ್ದರೂ ನನಗೆ ಏನೂ ಆಗುತ್ತಿರಲಿಲ್ಲ. ಏನೂ —